ಕರಡಿಯವರ ಸೌಜನ್ಯ

ನಮ್ಮ ಮನೆಯಲ್ಲಿ ಅವರನ್ನು ಏಕವಚನದಲ್ಲಿ ಕರೆಯುವ ಹಾಗಿಲ್ಲ. "ಕರಡಿ ಬಂತು ನೋಡು" ಎಂದರೆ ಒಂದನೇ ಕ್ಲಾಸಿನ ಮೊಮ್ಮಗಳು ಟೀವಿಯಿಂದ ಕಣ್ಣು ತೆಗೆಯದೆ ತಿದ್ದುತ್ತಾಳೆ: "ಬಂದ್ರು ಅನ್ನು ತಾತ. ಅವ್ರು ದೊಡ್ಡವ್ರು." ಹೀಗಾಗಿ ದಿನಾ ಸಂಜೆ ನಮ್ಮ ಮನೆಗೆ ಕರಡಿಯವರು ದಯಮಾಡಿಸುತ್ತಾರೆ. ಅರ್ಧ ಗಂಟೆ ಇರುತ್ತಾರೆ. ಇದ್ದಷ್ಟು ಹೊತ್ತೂ ಏನಾದರೊಂದನ್ನು ಕಳೆದುಕೊಳ್ಳುತ್ತಾರೆ, ಕಳೆದುಕೊಂಡದ್ದಕ್ಕೆ ತಾವೇ ಕ್ಷಮೆ ಕೇಳಿ ಹೊರಡುತ್ತಾರೆ.

ನೋಡದವರಿಗಾಗಿ ಪರಿಚಯದ ಎರಡು ಮಾತು. ಕರಡಿಯವರು ಒಂದು ಹಾಸ್ಯದ ಕಾರ್ಟೂನ್ ಧಾರಾವಾಹಿಯ ನಾಯಕರು. ಯಾವುದೋ ಹಿಮ ಬೀಳುವ ದೇಶದಲ್ಲಿ ಹುಟ್ಟಿ, ಬಾಯಿಗೆ ಕನ್ನಡ ಹಚ್ಚಿಸಿಕೊಂಡು ಹೊಸಪೇಟೆಯ ತನಕ ಬಂದಿದ್ದಾರೆ. ಇಲ್ಲಿ ಹೊರಗೆ ಡಾಂಬರು ಕರಗುತ್ತಿದ್ದರೂ ಅವರ ಕುತ್ತಿಗೆಯಲ್ಲಿ ಉಣ್ಣೆಯ ಮಫ್ಲರು. ಮೂಗಿನ ಮೇಲೆ ಕನ್ನಡಕ, ಕೈಯಲ್ಲಿ ಸದಾ ಒಂದು ಚಹಾದ ಕೆಟಲು. ನೆರೆಹೊರೆಯಲ್ಲಿ ಒಂದು ನರಿ, ಒಂದು ಬಾತುಕೋಳಿ ಸಂಸಾರ, ಮೂರು ಮಂಗಗಳು. ಕರಡಿಯವರ ಮನೆಯಿಂದ ಏನನ್ನಾದರೂ ಎತ್ತಿಕೊಂಡು ಹೋಗುವುದು ಇವರೆಲ್ಲರ ಉದ್ಯೋಗ. ಒಂದು ದಿನ ಕೊಡೆ, ಒಂದು ದಿನ ಕುರ್ಚಿ. ಒಮ್ಮೆ ಬಾಗಿಲನ್ನೇ ಬಿಚ್ಚಿಕೊಂಡು ಹೋದರು. ಕರಡಿಯವರು ಬಾಗಿಲಿಲ್ಲದ ಹೊಸ್ತಿಲಲ್ಲಿ ನಿಂತು, "ಜೋಪಾನ, ಭಾರ ಇದೆ" ಎಂದು ಎಚ್ಚರಿಸಿದರು. ತಮ್ಮದೇ ಹುಟ್ಟುಹಬ್ಬದ ಕೇಕಿಗೆ ಸಾಲಿನಲ್ಲಿ ನಿಂತು ಬಂದವರಿಗೆಲ್ಲ "ಪರವಾಗಿಲ್ಲ, ನೀವು ಮೊದಲು" ಎಂದು ದಾರಿ ಬಿಟ್ಟರು. ಸರದಿ ಬಂದಾಗ ಕೇಕು ಮುಗಿದಿತ್ತು. ಖಾಲಿ ತಟ್ಟೆಗೆ ಧನ್ಯವಾದ ಹೇಳಿ ಮನೆಗೆ ಹೋದರು.

ಇಂಥ ಹೊತ್ತಿನಲ್ಲಿ ಟೀವಿಯೊಳಗಿಂದ ಕಾಣದ ಜನ ಘೊಳ್ಳೆಂದು ನಗುತ್ತಾರೆ. ನಾನೂ ನಗುತ್ತೇನೆ, ಸ್ವಲ್ಪ ತಡವಾಗಿ. ಮೊಮ್ಮಗಳು ಮಾತ್ರ ನಗುವುದಿಲ್ಲ. ಚಕ್ಕಳಮಕ್ಕಳ ಹಾಕಿಕೊಂಡು, ಮಠದಲ್ಲಿ ಪ್ರವಚನಕ್ಕೆ ಕೂತವರ ಹಾಗೆ ಕೂತಿರುತ್ತಾಳೆ. ಅವಳು ನೋಡುತ್ತಿರಲಿಲ್ಲ, ದೀಕ್ಷೆ ತೆಗೆದುಕೊಳ್ಳುತ್ತಿದ್ದಳು. ಇದು ನಮಗೆ ಗೊತ್ತಾದದ್ದು ಬಹಳ ತಡವಾಗಿ.

ಗೊತ್ತುಮಾಡಿದವಳು ನನ್ನ ಸೊಸೆ. ಸೊಸೆ ಕಂಪ್ಲಿಯ ಅಕ್ಕಿ ಗಿರಣಿಯವರ ಮನೆಯ ಮಗಳು. ಹಮಾಲರು, ಲಾರಿಗಳು, ಭತ್ತದ ಚೀಲಗಳ ನಡುವೆ ಬೆಳೆದವಳು. ಅವಳು ಗಿರಣಿಯ ಬಾಗಿಲಲ್ಲಿ ನಿಂತು ಒಂದು ಸಲ ಕೂಗಿದರೆ ಲೋಡಾದ ಲಾರಿ ತಾನಾಗಿ ಹಿಂದಕ್ಕೆ ಸರಿಯುತ್ತಿತ್ತಂತೆ, ನಾನು ನಂಬುತ್ತೇನೆ. ಮಗಳು ಮರೆತುಹೋದ ನೀರಿನ ಬಾಟಲಿ ಕೊಡಲು ಒಂದು ಮಧ್ಯಾಹ್ನ ಶಾಲೆಗೆ ಹೋದವಳು, ಬಂದು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಮಾವಾ, ನಿಮ್ಮ ಮೊಮ್ಮಗಳು ಏನ್ ಮಾಡಾಕತ್ಯಾಳ ಗೊತ್ತೇನ್ರಿ? ದಿನಾ ಡಬ್ಬಿ ಖಾಲಿ ಮಾಡಿ ಬರ್ತಾಳ ಅಂತ ನಾ ಖುಷಿ ಪಟ್ಟಿದ್ದೇ ಪಟ್ಟಿದ್ದು. ಆಕಿ ತಿನ್ನಂಗೇ ಇಲ್ಲ."

"ಮತ್ತ ಯಾರು ತಿಂತಾರ?" ಎಂದಳು ನನ್ನ ಹೆಂಡತಿ, ಅಡುಗೆಮನೆಯಿಂದ.

"ಊರು ತಿಂತೈತಿ, ಅತ್ತಿ. ಎರಡು ಜಡಿ ಹಾಕ್ಕೊಂಡು ಒಬ್ಬಾಕಿ ಅದಾಳ, ಎರಡನೇ ಕ್ಲಾಸಿನಾಕಿ, ಗುಂಡ್ಗಲ್ಲಿನಂಗ. ಬರ್ತಾಳ, ಡಬ್ಬಿ ತಗೀತಾಳ, ಚಪಾತಿ ಸುತ್ಕೊಂಡು ತಿಂತಾಳ. ಇವ್ಳು ಎದುರಿಗೆ ಕುಂತು ಪರವಾಗಿಲ್ಲ, ನೀವು ಮೊದಲು ಅಂತಾಳ. ಆಮ್ಯಾಲೆ ಉಳಿದೋರು ಬರ್ತಾರ. ಕೊನೀಗೆ ಇವ್ಳು ಡಬ್ಬಿ ತೊಳ್ಕೊಂಡು ಬರ್ತಾಳ."

ಆಗ ನಮಗೆ ಒಂದೊಂದೇ ಅರ್ಥವಾಯಿತು. ಶಾಲೆಯಿಂದ ಬಂದ ಕೂಡಲೇ ಮಗು ಅನ್ನದ ಪಾತ್ರೆಗೆ ಲಾರಿ ಡ್ರೈವರನ ಹಾಗೆ ಮುಗಿಬೀಳುತ್ತಿದ್ದುದು, ಯೂನಿಫಾರ್ಮಿನ ಲಂಗಕ್ಕೆ ಪಿನ್ನು ಹಾಕಬೇಕಾಗಿ ಬಂದದ್ದು, ಪ್ರಾರ್ಥನೆಯಲ್ಲಿ ನಿಂತವಳಿಗೆ ಒಮ್ಮೆ ತಲೆ ಸುತ್ತಿದ್ದು. ಬಿಸಿಲು ಎಂದುಕೊಂಡಿದ್ದೆವು. ನಮ್ಮ ಊರಿನಲ್ಲಿ ಬಹಳ ಸಂಗತಿಗಳಿಗೆ ಬಿಸಿಲು ಎಂದೇ ಕಾರಣ ಕೊಟ್ಟು ಸುಮ್ಮನಾಗಬಹುದು.

ಮಗುವನ್ನು ಕರೆದು ಕೇಳಿದೆವು. ಅವಳು ಅಳಲಿಲ್ಲ, ಹೆದರಲೂ ಇಲ್ಲ. "ಅವ್ರಿಗೆ ಹಸಿವಾಗಿರ್ತೈತಲ್ಲ" ಎಂದಳು.

"ನಿನಗಾಗಂಗಿಲ್ಲೇನು?" ಎಂದಳು ಅವಳ ಅವ್ವ.

"ಆಗ್ತೈತಿ. ಕರಡಿಯವ್ರಿಗೂ ಆಗ್ತೈತಿ."

ಅವಳ ಅವ್ವ ಎದ್ದು ಹೋಗಿ ತಟ್ಟೆಗೆ ಅನ್ನ ಬಡಿಸಿದಳು.

ಆ ಸಂಜೆ ಕುಟುಂಬದ ಮಹಾಸಭೆ ಸೇರಿತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟಿನಲ್ಲಿದ್ದ ನನ್ನ ಮಗ ಫೋನಿನಲ್ಲಿ ಹಾಜರಾಗಿ, "ಕರಾಟೆಗೆ ಹಾಕ್ರಿ" ಎಂದು ಅಭಿಪ್ರಾಯ ಕೊಟ್ಟು ಸೈರನ್ನಿನ ಸದ್ದಿನಲ್ಲಿ ಅಂತರ್ಧಾನನಾದ. ಉಳಿದ ಸಭೆ ರೋಗದ ಮೂಲವನ್ನು ಹುಡುಕಲು ಹೊರಟು, ಹೆಚ್ಚು ದೂರ ಹೋಗದೆ, ಮೂಲೆಯ ಕುರ್ಚಿಯಲ್ಲಿ ಕೂತಿದ್ದ ನನ್ನ ಮೇಲೆ ಬಂದು ನಿಂತಿತು.

"ಟೀವಿದೇನೂ ತಪ್ಪಿಲ್ಲ ಬಿಡು," ಎಂದಳು ಹೆಂಡತಿ, ಸೊಸೆಗೆ. "ಇದು ವಂಶದಾಗ ಬಂದಿದ್ದು. ನಿಮ್ಮ ಮಾವನ ನೋಡು."

ಸೊಸೆ ನೋಡಿದಳು. ನಾನೂ ನೋಡಿಕೊಂಡೆ.

ನನ್ನ ಪರವಾಗಿ ಹೇಳಿಕೊಳ್ಳುವುದು ಹೆಚ್ಚೇನಿಲ್ಲ. ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ನಿವೃತ್ತನಾದವನು ನಾನು. "ಪ್ರಯಾಣಿಕರ ಗಮನಕ್ಕೆ. ಹಂಪಿಗೆ ಹೋಗುವ ಬಸ್ಸು ಇಂಥಲ್ಲಿ, ಸಂಡೂರಿನದು ಇಂಥಲ್ಲಿ, ಕಂಪ್ಲಿಯದು ಈಗ ಬರಲಿದೆ, ದಯವಿಟ್ಟು ನೂಕದೆ ಸಾಲಾಗಿ ಹತ್ತಿ." ನನ್ನ ನೌಕರಿಯ ಕಾಲದಲ್ಲಿ ಈ ದಯವಿಟ್ಟಿಗೆ ಒಬ್ಬನೇ ಒಬ್ಬ ಪ್ರಯಾಣಿಕ ಬೆಲೆ ಕೊಟ್ಟದ್ದು ನಾನು ನೋಡಿಲ್ಲ. ಬಸ್ಸು ಇನ್ನೂ ತಿರುಗುತ್ತಿರುವಾಗಲೇ ಕಿಟಕಿಗಳಿಂದ ಟವೆಲ್ಲು, ಕರ್ಚೀಫು, ಬುಟ್ಟಿ, ಒಮ್ಮೊಮ್ಮೆ ಕೂಸುಗಳು ಒಳಗೆ ತೂರಿ ಸೀಟು ಹಿಡಿಯುತ್ತಿದ್ದವು. ನಮ್ಮ ಕಡೆ ಸೀಟಿನ ಮೇಲೆ ಬಿದ್ದ ಟವೆಲ್ಲಿಗೆ ನೋಂದಾಯಿತ ಕಾಗದದ ಮರ್ಯಾದೆಯಿದೆ. ನಾನು ಈ ಜನ್ಮದಲ್ಲಿ ಒಂದೂ ಟವೆಲ್ಲು ಎಸೆದವನಲ್ಲ. ಯಾರದೋ ಟವೆಲ್ಲು ತಪ್ಪಿ ಕೆಳಗೆ ಬಿದ್ದರೆ ಎತ್ತಿ ಸೀಟಿನ ಮೇಲೆ ಇಟ್ಟು, ಮರಿಯಮ್ಮನಹಳ್ಳಿಯ ತನಕ ನಿಂತುಕೊಂಡು ಹೋದವನು.

"ನಿಮ್ಮಿಂದ ಬಂದಿದ್ದು, ನೀವ ವಾಸಿ ಮಾಡ್ರಿ," ಎಂದಳು ಸೊಸೆ. "ಒಂದೇ ಒಂದು ಮಾತು ಕಲಿಸ್ರಿ ಸಾಕು. ಕೊಡಂಗಿಲ್ಲ. ಅಷ್ಟೇ."

ಹೀಗೆ ಮಗುವಿನ ಹೊಟ್ಟೆಯ ಹೊಣೆ ನನ್ನ ಮೇಲೆ ಬಿತ್ತು. ಈ ನೇಮಕಾತಿ ಕರಡಿಯವರನ್ನು ಕಾವಲಿಗೆ ಹಾಕಿದ ಹಾಗಿತ್ತು. ಆದರೆ ಬೇಡ ಎನ್ನಲು ಬರುವವನಾಗಿದ್ದರೆ ಆ ಹೊಣೆಗೆ ನಾನು ಅರ್ಹನೇ ಆಗಿರುತ್ತಿದ್ದೆ.

ಮೊದಲು ತಾಲೀಮು ಮಾಡಿಸಿದೆ. ನಾನು ಎರಡು ಜಡೆಯವಳು, ಮೊಮ್ಮಗಳು ಮೊಮ್ಮಗಳೇ. ಅವಳು ಡಬ್ಬಿ ಹಿಡಿದು ಕೂತಳು. ನಾನು ಗಂಟಲು ಸರಿಮಾಡಿಕೊಂಡು ಬಂದು ನಿಂತೆ.

"ನಿನಗೆ ತೊಂದ್ರಿ ಇಲ್ಲಂದ್ರ, ಆ ಡಬ್ಬಿ ಸ್ವಲ್ಪ ಕೊಡ್ತೀಯೇನಮ್ಮಾ?" ಎಂದೆ.

ಮಗು ನನ್ನನ್ನು ಕನಿಕರದಿಂದ ನೋಡಿತು. "ತಾತ, ಆಕಿ ಹಂಗ ಕೇಳಂಗಿಲ್ಲ. ಏಯ್ ತಗಿ ಅಂತಾಳ."

"ಸರಿ. ಏಯ್, ತಗಿ." ಎಂದೆ.

ಅವಳು ತೆಗೆದು ಕೊಟ್ಟಳು. "ಇದು ಸುಮ್ಮನೆ ಆಟ, ಕೊಡಬಾರದು" ಎಂದು ಬಿಡಿಸಿ ಹೇಳಿದೆ. "ಆಟದಾಗೂ ಹಸಿವಾಗ್ತೈತಲ್ಲ ತಾತ" ಎಂದಳು. ಒಳಗೆ ಉಂಡೆ ಇತ್ತು. ಇಬ್ಬರೂ ಅರ್ಧರ್ಧ ತಿಂದು ತಾಲೀಮು ಮುಗಿಸಿದೆವು.

ಆಮೇಲೆ ಸೊಸೆ ಮೂಲಕ್ಕೇ ಕೈ ಹಾಕಿದಳು. ಕಾರ್ಟೂನು ಬಂದ್. ಸಂಜೆ ಕರಡಿಯವರು ಬರುವ ಹೊತ್ತಿಗೆ ರಿಮೋಟು ಕಿತ್ತುಕೊಂಡು ತನ್ನ ಧಾರಾವಾಹಿ ಹಾಕಿದಳು. ಮಗು ಪ್ರತಿಭಟಿಸಿದರೆ ಅದೇ ಒಂದು ಪ್ರಗತಿ ಎಂದು ಒಳಗೊಳಗೇ ಆಸೆಯೂ ಇತ್ತು. ಮಗು ಎದ್ದು ತನ್ನ ದಿಂಬನ್ನು ಅವ್ವನಿಗೆ ಕೊಟ್ಟು, "ಪರವಾಗಿಲ್ಲ, ನೀವು ಮೊದಲು" ಎಂದು ಗೋಡೆಗೊರಗಿ ಕೂತಿತು. ಲಾರಿ ಹಿಂದಕ್ಕೆ ತೆಗೆಸಿದ ನನ್ನ ಸೊಸೆ ಅಂದು ತಾನೇ ಹಿಂದೆ ಸರಿದಳು. ಮಾರನೆಯ ದಿನ ಕರಡಿಯವರು ಮಫ್ಲರು ಸರಿಪಡಿಸಿಕೊಂಡು ಮತ್ತೆ ದಯಮಾಡಿಸಿದರು.

ಮೂರನೆಯ ಪ್ರಯತ್ನ ನನ್ನ ಹೆಂಡತಿಯದು. ಅವಳು ದೇವರ ಕೋಣೆಯ ಪೆಟ್ಟಿಗೆಯ ತಳದಿಂದ ಒಂದು ತಾಮ್ರದ ತಾಯಿತ ತೆಗೆದಳು. ಅದು ನನ್ನದು. ಅದರ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ.

ನಾನು ಹುಟ್ಟಿ ಬೆಳೆದದ್ದು ಸಂಡೂರಿನಲ್ಲಿ. ಗುಡ್ಡದ ಕಡೆಯಿಂದ ಗಣಿಯ ಸಿಡಿತದ ಸದ್ದು ಬಂದಾಗಲೆಲ್ಲ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದೆ. ಇಂಥ ಅಂಜುಬುರುಕ ಮಕ್ಕಳಿಗೆ ಆಗ ನಮ್ಮ ಸೀಮೆಯಲ್ಲಿ ಒಂದು ಚಿಕಿತ್ಸೆ ಇತ್ತು. ಕರಡಿ ಆಡಿಸುವವನು ಓಣಿಗೆ ಬಂದಾಗ ಮಗುವನ್ನು ಕರಡಿಯ ಬೆನ್ನ ಮೇಲೆ ಕೂರಿಸುವುದು. ಕರಡಿಯ ಧೈರ್ಯ ಮಗುವಿನ ಮೈಗೆ ಇಳಿಯುತ್ತದೆ ಎಂದು ನಂಬಿಕೆ. ಜೊತೆಗೆ ನಾಲ್ಕು ಕೂದಲು ಕಿತ್ತು ತಾಯಿತದಲ್ಲಿ ಹಾಕಿ ಕೊರಳಿಗೆ ಕಟ್ಟಿದರೆ ಜೀವಮಾನದ ಭರವಸೆ. ನನ್ನವ್ವ ನನ್ನನ್ನು ಎತ್ತಿ ಕೂರಿಸಿದಳು. ಬೆನ್ನು ಒರಟು, ವಾಸನೆ ಹಳೆಯ ಕಂಬಳಿಯದು. ನೋಡಲು ಸೇರಿದ್ದ ಜನ, "ಅಂಜಬ್ಯಾಡಲೇ, ಗಟ್ಟಿ ಹಿಡಿ" ಎನ್ನುತ್ತಿದ್ದರು. ಅಷ್ಟರಲ್ಲಿ ಗುಡ್ಡದ ಕಡೆ ಢಂ ಎಂದಿತು. ನನ್ನ ಕೆಳಗಿದ್ದ ಬೆನ್ನು ನಡುಗಿತು.

ಅದರ ಮೂಗಿನಲ್ಲಿ ಹಗ್ಗವಿತ್ತು. ಆಡಿಸುವವನು ಹಗ್ಗ ಜಗ್ಗಿದ. ಕರಡಿ ಸುಮ್ಮನೆ ನಿಂತಿತು, ನಾನೂ ಸುಮ್ಮನೆ ಕೂತೆ. ಮಗು ಅಳಲಿಲ್ಲ, ಚಿಕಿತ್ಸೆ ಫಲಿಸಿತು ಎಂದು ಎಲ್ಲರೂ ಒಪ್ಪಿದರು. ಆ ಚಿಕಿತ್ಸೆಯ ತತ್ತ್ವದಲ್ಲಿ ದೋಷವಿಲ್ಲ ಎಂದೇ ನಾನು ಈಗಲೂ ಹೇಳುತ್ತೇನೆ. ಕರಡಿಯಲ್ಲಿ ಇದ್ದದ್ದು ನನಗೆ ಇಳಿಯಿತು. ಏನಿತ್ತು ಎಂದು ಮೊದಲು ವಿಚಾರಿಸಿಕೊಳ್ಳಬೇಕಿತ್ತು, ಅಷ್ಟೇ.

ಇದನ್ನೆಲ್ಲ ಹೆಂಡತಿಗೆ ವಿವರಿಸಿ, ಆ ತಾಯಿತದಲ್ಲಿ ಇರುವುದು ಹೆದರಿದ ಕರಡಿಯ ಕೂದಲು, ಮಗುವಿಗೆ ಕಟ್ಟಬೇಡ ಎಂದೆ.

"ನಿಮಗೇನ್ ತಿಳಿತೈತಿ ಸುಮ್ನ ಕುಂದ್ರಿ," ಎಂದಳು. "ನೀವು ಕೊರಳಾಗಿಂದ ಬಿಚ್ಚಿ ಪೆಟಿಗ್ಯಾಗ ಇಟ್ರಿ. ಅದಕ್ಕ ಹಿಂಗಾಗೀರಿ."

ಕಟ್ಟಿದಳು. ಆ ದಿನ ಮಗು ಡಬ್ಬಿಯ ಜೊತೆಗೆ ನೀರಿನ ಬಾಟಲಿಯನ್ನೂ ಕೊಟ್ಟು ಬಂತು. ತಾಯಿತ ಮತ್ತೆ ಪೆಟ್ಟಿಗೆ ಸೇರಿತು. ಗೆದ್ದಾಗ ಏನಾದರೂ ಅನ್ನುವ ಅಭ್ಯಾಸ ನನಗಿಲ್ಲ.

ಆದರೆ ಸೋಲೊಪ್ಪಿಕೊಳ್ಳುವುದು ಹೆಂಡತಿಯ ಸ್ವಭಾವವಲ್ಲ. "ಈ ಟೀವಿ ಕರಡಿ ನಕಲಿ. ಅಸಲಿ ಕರಡಿ ಹೆಂಗಿರ್ತೈತಿ ಅಂತ ಒಂದ್ಸಲ ನೋಡಿದ್ರ ಇಕಿ ಭ್ರಮಿ ಇಳಿತೈತಿ" ಎಂದು ತೀರ್ಪು ಕೊಟ್ಟಳು. ಅಸಲಿ ಕರಡಿಗೇನು, ನಮಗೆ ದೂರ ಹೋಗಬೇಕಿಲ್ಲ. ದರೋಜಿಯ ಕರಡಿಧಾಮ ಒಂದು ಆಟೋದ ಹಾದಿ. ಭಾನುವಾರ ಮಧ್ಯಾಹ್ನ ನಾನು, ಹೆಂಡತಿ, ಮೊಮ್ಮಗಳು ಮೂವರೂ ಹೊರಟೆವು. ಕಮಲಾಪುರ ದಾಟಿದ ಮೇಲೆ ಹೆಂಡತಿ ಪೂರ್ವಪೀಠಿಕೆಯಾಗಿ, ದರೋಜಿಯ ಹತ್ತಿರದ ಹಳ್ಳಿಯಲ್ಲಿದ್ದ ತನ್ನ ಸೋದರಮಾವನ ಕಥೆ ಹೇಳಿದಳು.

"ಕುರಿ ಕಾಯಾಕ ಹೋಗಿದ್ದ. ಬಂಡಿಗಲ್ಲಿನ ಹಿಂದಿಂದ ಬಂತು ನೋಡು ಕರಡಿ. ಅರ್ಧ ಕಿವಿ ಹೋತು. ಸಾಯೋತನ ಅರ್ಧ ಕಿವ್ಯಾಗ ಇದ್ದ."

ಮಗು ಆಲೋಚಿಸಿ, "ಪಾಪ, ಕೊಟ್ರಾ?" ಎಂದಿತು.

"ಕೊಡಲಿಲ್ಲವ್ವ ತಾಯಿ. ಅದು ಕಿತ್ಗಂತು."

ಮಾತು ಉಗ್ರವಾಗುತ್ತಿತ್ತು, ಸಮಾಧಾನಕ್ಕೆಂದು ನಾನು ನನ್ನ ಸಂಡೂರಿನ ಸವಾರಿಯ ಕಥೆ ಹೇಳಿದೆ. ಅವಳು ಹಗ್ಗದ ಬಗ್ಗೆ ಮಾತ್ರ ಕೇಳಿದಳು. ಮೂಗಿನ ಯಾವ ಹೊಳ್ಳೆ, ಎಷ್ಟು ದಪ್ಪ ಹಗ್ಗ, ನೋಯುತ್ತಿತ್ತೇ. ನೋಯುತ್ತಿರಬೇಕು ಎಂದೆ. ಆಮೇಲೆ ಆಟೋ ನಿಲ್ಲುವ ತನಕ ಅವಳು ತನ್ನ ಮೂಗನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು.

ಕರಡಿಧಾಮದ ಕ್ರಮ ಹೀಗಿದೆ. ಎದುರಿನ ಬಂಡೆಗುಡ್ಡದ ಮೇಲೆ ಕಾವಲಿನವರು ಮಧ್ಯಾಹ್ನ ಬೆಲ್ಲದ ಪಾಕವನ್ನು ಕಲ್ಲಿನ ಕುಳಿಗಳಲ್ಲಿ ಸವರಿ ಬರುತ್ತಾರೆ. ಬಿಸಿಲು ಇಳಿದಾಗ ಕರಡಿಗಳು ಗವಿಯಿಂದ ಇಳಿದು ಬಂದು ನೆಕ್ಕುತ್ತವೆ. ನಾವು ಈಚೆಯ ಗೋಪುರದ ಮೇಲೆ ಕೂತು ನೋಡಬೇಕು. ಮಾತಾಡಬಾರದು. ಈ ಕೊನೆಯ ನಿಯಮವನ್ನು ಕಾವಲಿನವನು ನನ್ನ ಹೆಂಡತಿಗೆ ಪ್ರತ್ಯೇಕವಾಗಿ ಹೇಳಿದ.

ಮೊದಲು ಬಂದದ್ದು ನವಿಲು. ಆಮೇಲೆ ಕಾಡುಹಂದಿಗಳ ಒಂದು ಗುಂಪು ಬಂದು ನವಿಲನ್ನು ಓಡಿಸಿ, ಬೆಲ್ಲದ ಬಂಡೆಗೆ ಮೂತಿ ಇಟ್ಟು ಸಂಸಾರ ಸಮೇತ ಊಟಕ್ಕೆ ನಿಂತಿತು. ಬಹಳ ಹೊತ್ತಾದ ಮೇಲೆ ಮೇಲಿನ ಕಲ್ಲುಗಳ ನಡುವೆ ಕಪ್ಪಗೆ ಏನೋ ಅಲುಗಿತು.

"ಬಂತು," ಎಂದು ಕಾವಲಿನವನು ದುರ್ಬೀನನ್ನು ಮಗುವಿನ ಕಣ್ಣಿಗೆ ಹಿಡಿದ.

"ಬಂದ್ರು," ಎಂದಳು ಮೊಮ್ಮಗಳು.

ತಾಯಿ ಕರಡಿ. ಬೆನ್ನಿನ ಮೇಲೆ ಎರಡು ಮರಿಗಳು ಕೂದಲಿಗೆ ಜೋತುಬಿದ್ದು ಕೂತಿದ್ದವು. ಅದು ನಿಧಾನವಾಗಿ ಇಳಿದು ಬಂದು, ಬಂಡೆಯ ಮೇಲೆ ಹಂದಿಗಳನ್ನು ಕಂಡಿತು. ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಮುಂದಕ್ಕೆ ಬಾಗಿದಳು. ಅಸಲಿ ಕರಡಿಯ ಅಸಲಿತನ ಈಗ ಹೊರಬರಬೇಕಿತ್ತು. ಕರಡಿ ನಿಂತಿತು. ಮೂಸಿತು. ಆಮೇಲೆ ಪಕ್ಕಕ್ಕೆ ಸರಿದು, ಒಂದು ಕಲ್ಲಿನ ನೆರಳಿನಲ್ಲಿ ಕೂತು ಕಾಯತೊಡಗಿತು.

"ನೋಡು ಅಜ್ಜಿ," ಎಂದಳು ಮೊಮ್ಮಗಳು, ಪಿಸುಮಾತಿನಲ್ಲಿ, ಯಾವ ಹೆಮ್ಮೆಯೂ ಇಲ್ಲದೆ. "ನೀವು ಮೊದಲು ಅಂದ್ರು."

ಆ ಕರಡಿಗೂ ನಾನೇ ಪಾಠ ಹೇಳಿಕೊಟ್ಟಿದ್ದೇನೆ ಎಂಬಂತೆ ಹೆಂಡತಿ ನನ್ನ ಕಡೆ ನೋಡಿದಳು. ನನಗೆ ಉಳಿದಿದ್ದ ಒಂದೇ ಆಸೆ ಆ ಗುಡ್ಡದ ಮೇಲಿತ್ತು, ಅದೂ ಸಾಲಿನಲ್ಲಿ ಹಿಂದೆ ಕೂತಿತ್ತು.

ಆಗ ಒಂದು ಹಂದಿ ತಲೆ ಎತ್ತಿ ಕರಡಿಯ ಕಡೆ ಬಂತು. ಹೊಟ್ಟೆ ತುಂಬಿದ ಮೇಲೆ ಕೆಲವರಿಗೆ ಬರುವ ಕುತೂಹಲ ಇರಬೇಕು. ಒಂದು ಮರಿ ಬೆನ್ನಿನಿಂದ ಜಾರಿ ನೆಲಕ್ಕೆ ಇಳಿದಿತ್ತು. ಹಂದಿಯ ಮೂತಿ ಆ ಕಡೆ ತಿರುಗಿತು. ಮುಂದಿನದು ಕಣ್ಣಿಗೆ ಪೂರ್ತಿ ಸಿಗಲಿಲ್ಲ. ಕರಡಿ ಎದ್ದು ನಿಂತಿತು ಮತ್ತು ಖಾಲಿ ಪೀಪಾಯಿಯನ್ನು ಬಂಡೆಯ ಮೇಲೆ ಎಳೆದಂಥ ಒಂದು ಸದ್ದು ಬಂತು, ಅಷ್ಟೇ. ಗೋಪುರದ ಮೇಲಿದ್ದ ನಾನು ಕಂಬ ಹಿಡಿದುಕೊಂಡೆ. ಹಂದಿಗಳ ಕುಟುಂಬ ಒಬ್ಬರಿಗೊಬ್ಬರು ದಾರಿ ಬಿಡದೆ ಕೆಳಗೆ ಉರುಳಿತು. ಕರಡಿ ಮರಿಯನ್ನು ಮೂತಿಯಿಂದ ತಳ್ಳಿ ಬೆನ್ನಿಗೆ ಹತ್ತಿಸಿಕೊಂಡು, ಏನೂ ಆಗದವರ ಹಾಗೆ ಹೋಗಿ ಬೆಲ್ಲ ನೆಕ್ಕಿತು.

"ಹಾಂ," ಎಂದಳು ಹೆಂಡತಿ, ಜೋರಾಗಿಯೇ. "ಅದಪಾ ಕರಡಿ ಅಂದ್ರ."

ಕಾವಲಿನವನು ತುಟಿಗೆ ಬೆರಳಿಟ್ಟ. ಮೊಮ್ಮಗಳು ಬಹಳ ಹೊತ್ತು ದುರ್ಬೀನು ಇಳಿಸಲಿಲ್ಲ. ಆಮೇಲೆ ಕೇಳಿದಳು, "ತಾತ, ಆ ಮರಿಗೆ ಅಂಜಿಕಿನಾ? ಅದಕ್ಕ ಬೆನ್ನ ಮ್ಯಾಲೆ ಕುಂದ್ರಿಸಿಕೊಂಡಾರಾ?"

"ಇರಬೇಕು."

"ಇವ್ರ ಮೂಗಿಗೆ ಹಗ್ಗ ಇಲ್ಲ," ಎಂದಳು.

ಆಟೋದಲ್ಲಿ ಹೆಂಡತಿ ವಿಜಯೋತ್ಸವದಲ್ಲಿದ್ದಳು. ಸೋಮವಾರ ಮಧ್ಯಾಹ್ನ ಮಗುವಿನ ಡಬ್ಬಿಯನ್ನು ಎರಡು ಜಡೆಯವಳು ಎಂದಿನಂತೆ ಖಾಲಿ ಮಾಡಿದಳು. ಮಂಗಳವಾರವೂ. ಅಸಲಿ ಕರಡಿಯೂ ನಕಲಿ ಕರಡಿಯೂ ಒಂದೇ ಫಲ ಕೊಟ್ಟವು.

ಹೆಂಡತಿ ತನ್ನ ಯುದ್ಧತಂತ್ರ ಬದಲಿಸಿ ಎರಡು ಡಬ್ಬಿ ಕಳಿಸಿದಳು. ಒಂದು ದೋಚುವವರಿಗೆ, ಒಂದು ಮಗುವಿಗೆ. ಮಗು ಎರಡನ್ನೂ ಕೊಟ್ಟಿತು. ಸುದ್ದಿ ಹಬ್ಬಿ ಮೂರನೇ ಕ್ಲಾಸಿನವರೂ ಬರತೊಡಗಿದರು.

ಕೊನೆಗೆ ಸೊಸೆ ನನ್ನನ್ನೇ ಶಾಲೆಗೆ ಕಳಿಸಿದಳು. ನಮ್ಮ ಊರಿನ ಶಾಲೆಗಳಲ್ಲಿ ಮಧ್ಯಾಹ್ನ ಗೇಟಿನೊಳಗಿನ ಬೇವಿನ ಕಟ್ಟೆಯ ಮೇಲೆ ಅಜ್ಜಿಯರ ಒಂದು ದಂಡೇ ಇರುತ್ತದೆ. ಮೊಮ್ಮಕ್ಕಳ ಬಾಯಿಗೆ ತುತ್ತಿಟ್ಟು, ಮೂತಿ ಒರೆಸಿ, ಸೊಸೆಯಂದಿರ ವಿಷಯ ಮಾತಾಡಿ ಹೋಗುತ್ತಾರೆ. ಆ ದಂಡಿನಲ್ಲಿ ನಾನೊಬ್ಬನೇ ಗಂಡಸು. "ಸರೀರಿ ಅಣ್ಣಾರ, ನಾವ್ ಕುಂದ್ರಬೇಕು" ಎಂದು ಅವರು ಮೊದಲ ದಿನವೇ ನನ್ನನ್ನು ಕಟ್ಟೆಯ ತುದಿಗೆ, ಬಿಸಿಲಿಗೆ ಸರಿಸಿದರು. ಸೊಸೆ ನನಗೂ ಒಂದು ಡಬ್ಬಿ ಕಟ್ಟಿದ್ದಳು. ಕಾವಲುಗಾರನೂ ಉಣ್ಣಬೇಕಲ್ಲ.

"ಏನ್ ಮಾಡಬೇಕು ನೆನಪೈತಲ್ಲ?" ಎಂದು ಹೊರಡುವಾಗ ಕೇಳಿದ್ದಳು. "ಆ ಹುಡುಗಿ ಬಂದ್ರ ಒಂದ್ ಸಲ ಗದರ್ಸ್ರಿ, ಮಾವಾ. ಒಂದೇ ಸಲ."

ಗಂಟೆ ಹೊಡೆಯಿತು. ಮೊಮ್ಮಗಳು ಬಂದು ಪಕ್ಕದಲ್ಲಿ ಕೂತು ಡಬ್ಬಿ ತೆರೆದಳು. ನಾನು ಗದರುವ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ. ಎರಡು ಜಡೆಯವಳು ಬಂದಳು. ಬಹಳ ಲಕ್ಷಣವಾದ, ನಗುಮುಖದ ಹುಡುಗಿ. ಹಲ್ಲು ಬಿದ್ದ ಜಾಗದಲ್ಲಿ ನಾಲಗೆ ಆಡಿಸುತ್ತಿದ್ದಳು. ನನ್ನನ್ನು ನೋಡಿ, "ನಮಸ್ತೆ ತಾತ" ಎಂದಳು. ನನ್ನ ವಾಕ್ಯದಲ್ಲಿ ನಮಸ್ತೆಗೆ ಜಾಗ ಇರಲಿಲ್ಲ. "ನಮಸ್ತೆ ಅಮ್ಮ, ಊಟ ಆತಾ?" ಎಂದುಬಿಟ್ಟೆ.

"ಇಲ್ಲ," ಎಂದು ಅವಳು ಕೂತು ಮೊಮ್ಮಗಳ ಚಪಾತಿ ಸುತ್ತಿ ತಿಂದಳು. ನಾನು ನೋಡಿದೆ. ತಿಂದು ಮುಗಿಸಿ ಅವಳು ನನ್ನ ತೊಡೆಯ ಮೇಲಿದ್ದ ಡಬ್ಬಿಯ ಕಡೆ ಗಲ್ಲ ಎತ್ತಿದಳು.

"ತಾತ, ಅದ್ರಾಗ ಏನೈತಿ?"

"ಶೇಂಗಾ ಹೋಳಿಗಿ, ಅಮ್ಮ."

"ತಗಿ, ನೋಡಾನ."

ನನ್ನ ಕೈ ತಾನಾಗಿ ಮುಚ್ಚಳ ತೆಗೆಯಿತು. ಇಷ್ಟು ವರ್ಷ ನೆಲದಿಂದ ಟವೆಲ್ಲು ಎತ್ತಿ ಸೀಟಿಗೆ ಇಟ್ಟ ಕೈ ಅದು, ಅದಕ್ಕೆ ಬೇರೆ ಕೆಲಸ ಗೊತ್ತಿಲ್ಲ. ಡಬ್ಬಿಯನ್ನು ಮುಂದೆ ಹಿಡಿದೆ. "ಪರವಾಗಿಲ್ಲ" ಎಂದು ಹೇಳಿದ್ದೂ ನಾನೇ ಎಂದು ಕಾಣುತ್ತದೆ.

"ಬ್ಯಾಡ."

ಯಾರು ಅಂದದ್ದು ಎಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. ಮೊಮ್ಮಗಳು ಎದ್ದು ನಿಂತಿದ್ದಳು. ಅವಳ ಕೈ ನನ್ನ ಡಬ್ಬಿಯ ಮೇಲಿತ್ತು.

"ಅದು ನಮ್ಮ ತಾತಂದು. ಮುಟ್ಟಬ್ಯಾಡ."

"ತಾತನೇ ಕೊಡಾಕತ್ಯಾನ," ಎಂದಳು ಎರಡು ಜಡೆಯವಳು, ನ್ಯಾಯವಾಗಿಯೇ.

"ಅವ್ನಿಗೆ ಬ್ಯಾಡ ಅನ್ನಾಕ ಬರಂಗಿಲ್ಲ. ಅದಕ್ಕ ನೀ ಕೇಳಬಾರದು. ಸರಿ ಅತ್ಲಾಗ."

ಧ್ವನಿ ದೊಡ್ಡದೇನೂ ಇರಲಿಲ್ಲ. ಆದರೆ ಕಟ್ಟೆಯ ಮೇಲಿನ ಅಜ್ಜಿಯರೆಲ್ಲ ತುತ್ತು ಕೈಯಲ್ಲೇ ಹಿಡಿದು ತಿರುಗಿ ನೋಡಿದರು. ಎರಡು ಜಡೆಯವಳು ನಾಲಗೆ ಆಡಿಸುವುದನ್ನು ನಿಲ್ಲಿಸಿ, ಅವಳನ್ನೂ ನನ್ನನ್ನೂ ನೋಡಿ, "ನಾ ಸುಮ್ನ ಕೇಳ್ದೆ" ಎಂದು ಕೈ ಒರೆಸಿಕೊಂಡು ಹೋದಳು. ಮೊಮ್ಮಗಳು ಕೂತಳು. ಡಬ್ಬಿಯನ್ನು ನನ್ನ ಕಡೆ ತಳ್ಳಿದಳು.

"ತಿನ್ನು ತಾತ," ಎಂದಳು.

ಮನೆಯಲ್ಲಿ ನಾನು ವರದಿ ಒಪ್ಪಿಸಿದಾಗ ಸೊಸೆ ನಗಲೂ ಇಲ್ಲ, ಬಯ್ಯಲೂ ಇಲ್ಲ. ಗಿರಣಿಯವರ ಮನೆಯ ಮಗಳು. ತೂಕ ಎಲ್ಲಿ ಬಿದ್ದಿದೆ ಎಂದು ಬೇಗ ಗೊತ್ತಾಗುತ್ತದೆ. "ತನ್ನ ಡಬ್ಬಿಗೆ ಬ್ಯಾಡ ಅನ್ನಂಗಿಲ್ಲ, ನಿಮ್ದಕ್ಕ ಅಂತಾಳ," ಎಂದಳು. "ಹಂಗಾರ ಆಕೀದು ಅಂತ ಒಂದು ಡಬ್ಬಿ ಇರಾದೇ ಬ್ಯಾಡ ಬಿಡ್ರಿ."

ಅಂದಿನಿಂದ ಈ ಏರ್ಪಾಡು ನಡೆಯುತ್ತಿದೆ. ಮಗುವಿನ ಚೀಲದಲ್ಲಿ ಡಬ್ಬಿ ಇರುವುದಿಲ್ಲ. ಇಬ್ಬರ ಊಟವೂ ನನ್ನ ದೊಡ್ಡ ಡಬ್ಬಿಯಲ್ಲಿ, ನನ್ನ ಊಟ ಎಂಬ ಬಿರುದಿನಲ್ಲಿ ಹೋಗುತ್ತದೆ. ಮೊಮ್ಮಗಳು ಬೇವಿನ ಕಟ್ಟೆಗೆ ಬಂದು ನನ್ನ ಎದುರಿಗೆ ಕೂತು ಡಬ್ಬಿಯನ್ನು ಕಾಯುತ್ತಾಳೆ. ಕಾಯುತ್ತಲೇ, ತಾತ ಹೇಗೂ ಪೂರ್ತಿ ತಿನ್ನುವುದಿಲ್ಲ ಎಂದು, ಅದರಿಂದ ಉಣ್ಣುತ್ತಾಳೆ. ಲಂಗದ ಪಿನ್ನು ತೆಗೆದಾಗಿದೆ. ಎರಡು ಜಡೆಯವಳು ಒಮ್ಮೊಮ್ಮೆ ಬಂದು ದೂರದಲ್ಲಿ ಕೂರುತ್ತಾಳೆ. ಅವಳಿಗೆ ಎಷ್ಟು ಕೊಡಬೇಕೆಂದು ಮೊಮ್ಮಗಳು ತೀರ್ಮಾನಿಸುತ್ತಾಳೆ. ನನ್ನನ್ನು ಕೇಳುವ ಪದ್ಧತಿ ಇಲ್ಲ.

ಕರಡಿಯವರು ಸಂಜೆ ಈಗಲೂ ಬರುತ್ತಾರೆ. ಮೊನ್ನೆ ನರಿ ಅವರ ಮಫ್ಲರನ್ನೇ ಕೇಳಿತು. ಕೊಟ್ಟರು. ಕಾಣದ ಜನ ನಕ್ಕರು. ಮೊಮ್ಮಗಳು ನನ್ನ ತೊಡೆಗೆ ಒರಗಿ, "ಅವ್ರಿಗೆ ಯಾರೂ ಇಲ್ಲ ಪಾಪ" ಎಂದಳು.

ಇವತ್ತು ಮಧ್ಯಾಹ್ನ ಗಂಟೆ ಹೊಡೆದ ಮೇಲೆ ಅವಳು ಡಬ್ಬಿಯ ಮುಚ್ಚಳ ಒತ್ತಿ, ನನ್ನ ಕೈಗೆ ಕೊಟ್ಟು, "ಹಾದ್ಯಾಗ ಯಾರಾರ ಏನಾರ ಕೇಳಿದ್ರ, ನಮ್ಮ ಮೊಮ್ಮಗಳನ್ನ ಕೇಳ್ರಿ ಅನ್ನು" ಎಂದು ಕ್ಲಾಸಿಗೆ ಓಡಿದಳು. ಹೂಂ ಎಂದೆ. ಸಿಟಿ ಬಸ್ಸು ಬಂತು, ಖಾಲಿ ಇತ್ತು, ಕಿಟಕಿಯ ಪಕ್ಕ ಕೂತೆ. ಎರಡನೇ ಸ್ಟಾಪಿನಲ್ಲಿ ಜನ ಮುಗಿಬಿದ್ದರು, ಹೊರಗಿನಿಂದ ಒಂದು ಟವೆಲ್ಲು ಹಾರಿ ಬಂದು ಪಕ್ಕದ ಸೀಟು ತಪ್ಪಿ ನನ್ನ ತೊಡೆಯ ಮೇಲೆ, ಡಬ್ಬಿಯ ಮೇಲೆ ಬಿತ್ತು. ಹಿಂದೆಯೇ ಅದರ ಯಜಮಾನ ಒಳಗೆ ಬಂದು ನನ್ನ ಮುಂದೆ ನಿಂತು, ಟವೆಲ್ಲನ್ನೂ ನನ್ನನ್ನೂ ನೋಡಿದ.

"ನಂದು," ಎಂದ.

ನಾನು ಶಾಲೆಯ ಕಡೆ ಒಮ್ಮೆ ತಿರುಗಿ ನೋಡಿದೆ. ಅದು ಆಗಲೇ ಹಿಂದೆ ಉಳಿದಿತ್ತು. ಎದ್ದು, ಟವೆಲ್ಲನ್ನು ಮಡಿಸಿ ನಾನು ಕೂತಿದ್ದ ಸೀಟಿನ ಮೇಲೆ ಇಟ್ಟು, ಖಾಲಿ ಡಬ್ಬಿ ಹಿಡಿದುಕೊಂಡು, ಮನೆಯ ತನಕ ನಿಂತೇ ಬಂದೆ.